ಬ್ಯಾಂಡು, ಫೋನು, ಹುಣಸೆ ಬೀಜ: ಯಾರ ಲೆಕ್ಕ ನಂಬೋದು?

ಮಾರ್ಚ್ ತಿಂಗಳ ಒಂದು ಭಾನುವಾರ ಹಿತ್ತಲಲ್ಲಿ ಮಣೆ ಹಾಕಿಕೊಂಡು ವರ್ಷಕ್ಕಾಗುವಷ್ಟು ಹುಣಸೆಹಣ್ಣು ಬಡಿಯುತ್ತಾ ಕೂತಿದ್ದೆ. ಗಂಟೆ ಕಳೆದಿರಬೇಕು, ಹೆಜ್ಜೆ ಎಣಿಸಲು ಕೈಗೆ ಕಟ್ಟಿದ್ದ ಬ್ಯಾಂಡು ಗುಂಯ್ ಎಂದಿತು. ನೋಡಿದರೆ ಪುಟ್ಟ ಪರದೆಯ ಮೇಲೆ ಪಟಾಕಿ ಹಾರುತ್ತಿದೆ, ಇವತ್ತಿನ ಗುರಿ ಮುಟ್ಟಿದಿರಿ ಅಂತ ಅಭಿನಂದನೆ ಬೇರೆ. ಕೂರುವಾಗ 6,100 ಇದ್ದ ಹೆಜ್ಜೆ 8,000 ದಾಟಿತ್ತು. ನಾನು ಮಣೆಯಿಂದ ಎದ್ದೇ ಇರಲಿಲ್ಲ.

ಈ ಬ್ಯಾಂಡು ಮನೆಗೆ ಬಂದದ್ದಕ್ಕೆ ಕಾರಣ ಜನವರಿಯ ರಕ್ತಪರೀಕ್ಷೆ. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಶೇಕಡಾ 6.1 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಸಕ್ಕರೆ ಕಾಯಿಲೆಯ ಹಿಂದಿನ ಹಂತ ಅನ್ನುತ್ತಾರೆ. "ಇನ್ನೂ ಒಳಗೆ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ. ನಡೀರಿ ಮೇಡಂ, ದಿನಾ ನಡೀರಿ" ಅಂದರು ಡಾಕ್ಟರು. ಬೆಂಗಳೂರಲ್ಲಿರುವ ಮಗಳಿಗೆ ಹೇಳಿದೆ. ಮುಂದಿನ ವಾರವೇ 1,900 ರೂಪಾಯಿಯ ಬ್ಯಾಂಡು ಕೊರಿಯರಿನಲ್ಲಿ ಬಂತು. ಹೆಜ್ಜೆ ಎಣಿಸುವ ಆ್ಯಪ್ ಫೋನಿನಲ್ಲಿ ಮೊದಲೇ ಇತ್ತು. ಮೂರನೆಯದು ನಮ್ಮಮ್ಮನ ವಿದ್ಯೆ. ಅಶ್ವತ್ಥಕಟ್ಟೆಗೆ ಪ್ರದಕ್ಷಿಣೆ ಹಾಕುವಾಗ ಅವಳು ಮುಷ್ಟಿಯಲ್ಲಿ ಹುಣಸೆ ಬೀಜ ಹಿಡಿದು, ಸುತ್ತಿಗೊಂದರಂತೆ ಕಟ್ಟೆಯ ಮೇಲೆ ಇಡುತ್ತಿದ್ದಳು. ಬಡಿದ ಹಣ್ಣಿನ ಬೀಜ ಮೊರದ ತುಂಬ ಬಿದ್ದಿತ್ತಲ್ಲ, ಒಂದು ಹಿಡಿ ತೊಳೆದು ಒಣಗಿಸಿಟ್ಟೆ.

ಯಾವುದನ್ನು ನಂಬುವುದು ಅಂತ ತಿಳಿಯಲು ಅಳತೆ ಗೊತ್ತಿರುವ ದಾರಿ ಬೇಕಿತ್ತು. ನಮ್ಮ ಶಾಲೆಯ ಮೈದಾನದಲ್ಲಿ ಪಿ.ಟಿ. ಮೇಷ್ಟ್ರು ಸುಣ್ಣದಲ್ಲಿ ಹಾಕಿದ 200 ಮೀಟರಿನ ಟ್ರ್ಯಾಕ್ ಇದೆ. ಐದು ಸುತ್ತಿಗೆ ಒಂದು ಕಿಲೋಮೀಟರ್. ಶಾಲೆ ಬಿಟ್ಟ ಮೇಲೆ ನಾನು ಬಾಯಲ್ಲಿ ಹೆಜ್ಜೆ ಎಣಿಸುತ್ತಾ ಸುತ್ತುತ್ತಿದ್ದರೆ ಅವರು ಸುಮ್ಮನಿರುತ್ತಾರೆಯೇ? "ಏನ್ ಮೇಡಂ, ತಾಲ್ಲೂಕು ಮಟ್ಟಕ್ಕೆ ತಯಾರೀನಾ?" ಅಂದರು. ಆಮೇಲೆ ಗಂಭೀರವಾಗಿ, "ಗೆರೆ ಮೇಲೆ ನಡೀಬೇಡಿ, ಗೆರೆಯಿಂದ 20 ಸೆಂಟಿಮೀಟರ್ ಹೊರಗೆ ಹೋಗಿ. ಅಳತೆ ಹಿಡಿಯೋದೇ ಅಲ್ಲಿ" ಅಂತ ತಿದ್ದಿದರು. ನಾಲ್ಕನೇ ಸುತ್ತಿನಲ್ಲಿ ಎಣಿಕೆ ತಪ್ಪಿತು. ಮತ್ತೆ ಮೊದಲಿಂದ.

ನನ್ನ ಬಾಯಿಲೆಕ್ಕದಲ್ಲಿ ಕಿಲೋಮೀಟರಿಗೆ 1,540 ಹೆಜ್ಜೆ. ಬ್ಯಾಂಡು 1,518 ಅಂದಿತು. ಪರವಾಗಿಲ್ಲ ಅಂದುಕೊಂಡೆ. ವ್ಯಾನಿಟಿ ಬ್ಯಾಗಿನಲ್ಲಿದ್ದ ಫೋನು ಮಾತ್ರ 1,210ಕ್ಕೇ ನಿಂತಿತ್ತು. ಅದನ್ನೇ ಕೈಯಲ್ಲಿ ಹಿಡಿದು ನಡೆದರೆ ಲೆಕ್ಕ ಸರಿಯಾಗಿ ಬರುತ್ತದೆ. ಆದರೆ ದಿನವಿಡೀ ಫೋನು ಹಿಡಿದು ಓಡಾಡುವವರು ಯಾರು? ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳಿ ಅಂತ ಆ್ಯಪ್ ಸಲಹೆ ಕೊಡುತ್ತದೆ. ಆ ಆ್ಯಪ್ ಮಾಡಿದವರು ಸೀರೆ ಉಟ್ಟವರ ಹೆಜ್ಜೆ ಎಣಿಸುವ ಯೋಚನೆ ಮಾಡಿದಂತಿಲ್ಲ. ಚೂಡಿದಾರಕ್ಕೂ ಜೇಬಿಡಿಸಬೇಕೆಂದರೆ ಟೈಲರ್ ಹತ್ತಿರ ಜಗಳವಾಡಬೇಕು. ಹಾಗಾಗಿ ಮನೆಯೊಳಗಿನ ನನ್ನ ಓಡಾಟ, ತರಗತಿಯಿಂದ ತರಗತಿಗೆ ಹತ್ತಿ ಇಳಿಯುವುದು, ಯಾವುದೂ ಫೋನಿನ ಲೆಕ್ಕಕ್ಕೆ ಸೇರುವುದಿಲ್ಲ. ಆಗ ಅದು ಸ್ಟಾಫ್‌ರೂಮಿನ ಮೇಜಿನ ಮೇಲೆ ತಣ್ಣಗೆ ಮಲಗಿರುತ್ತದೆ. ದೂರ ಅಳೆಯೋಣವೆಂದು ಜಿಪಿಎಸ್ ಹಾಕಿದೆ. ಐದು ಸುತ್ತನ್ನು 0.91 ಕಿಲೋಮೀಟರ್ ಅಂದಿತು. ನಕ್ಷೆಯಲ್ಲಿ ನಾನು ಎರಡು ಸಲ ಬಿಸಿಯೂಟದ ಕೋಣೆಯ ಗೋಡೆ ತೂರಿಕೊಂಡು ಹೋಗಿದ್ದೆ. ಫೋನಿನ ಮಾತು ಇಷ್ಟಕ್ಕೇ ಸಾಕು.

ಬ್ಯಾಂಡಿನ ಸ್ವಭಾವ ಅರ್ಥವಾಗಲು ಸ್ವಲ್ಪ ಸಮಯ ಹಿಡಿಯಿತು. ಅದರೊಳಗೆ ಇರುವುದು ಅಲುಗಾಟ ಗುರುತಿಸುವ ಅಕ್ಸೆಲೆರೋಮೀಟರ್. ಅದಕ್ಕೆ ಕಾಲು ಕಾಣುವುದಿಲ್ಲ, ಕೈಯ ತಾಳ ಮಾತ್ರ ಗೊತ್ತು. ಹುಣಸೆಹಣ್ಣು ಬಡಿದರೆ ನಡೆದಂತೆ. ರಾಗಿಮುದ್ದೆ ತೊಳಸಿದರೂ ಒಂದಷ್ಟು ಹೆಜ್ಜೆ. ಅದೇ ನಲವತ್ತೈದು ಕಾಪಿ ಪುಸ್ತಕ ಎದೆಗವಚಿಕೊಂಡು ಅದೇ ಟ್ರ್ಯಾಕಿನಲ್ಲಿ ಕಿಲೋಮೀಟರ್ ನಡೆದೆ, ಕೊಟ್ಟದ್ದು 940. ಭಾರ ಹೊತ್ತು ನಡೆದದ್ದಕ್ಕೆ ಕಡಿಮೆ ಅಂಕ, ಕೂತು ಬಡಿದದ್ದಕ್ಕೆ ಪಟಾಕಿ! ನಮ್ಮಂಥ ಮೇಷ್ಟ್ರುಗಳ ಮೌಲ್ಯಮಾಪನವೂ ಒಮ್ಮೊಮ್ಮೆ ಹೀಗೇ ಇರುತ್ತದೆ ಅನ್ನಿ.

ಹಾಗಂತ ಅದನ್ನು ಡ್ರಾಯರಿಗೆ ಎಸೆಯಲಿಲ್ಲ. ಕಾರಣ ದೇವರಾಯನದುರ್ಗದ ಬೆಟ್ಟ. ಕೆಳಗೆ ಭೋಗನರಸಿಂಹನ ದರ್ಶನ ಮುಗಿಸಿ ಮೇಲಿನ ಯೋಗನರಸಿಂಹನ ಕಡೆ ಮೆಟ್ಟಿಲು ಹತ್ತುತ್ತಿದ್ದೆವು. ಹೆಜ್ಜೆ ಲೆಕ್ಕದಲ್ಲಿ ಅದೇನೂ ದೊಡ್ಡದಲ್ಲ, ಶಾಲೆಯ ಒಂದು ದಿನದ ಅರ್ಧವೂ ಇಲ್ಲ. ಆದರೆ ಮೈದಾನದಲ್ಲಿ ನಿಮಿಷಕ್ಕೆ 104 ಇರುತ್ತಿದ್ದ ಎದೆಬಡಿತವನ್ನು ಬ್ಯಾಂಡು ಅಲ್ಲಿ 82 ಅಂತ ತೋರಿಸಿತು. ಬಾಯಲ್ಲಿ ಉಸಿರು ಬಿಡುತ್ತಿದ್ದೇನೆ, 82 ಹೇಗೆ ಸಾಧ್ಯ? ಬಂಡೆಯ ಮೇಲೆ ಕೂತು ಕುತ್ತಿಗೆಯ ನಾಡಿ ಹಿಡಿದು ಹದಿನೈದು ಸೆಕೆಂಡು ಎಣಿಸಿದೆ. 36. ನಾಲ್ಕರಿಂದ ಗುಣಿಸಿದರೆ 144. ಕೈ ನೋಡಿಕೊಂಡರೆ ಗಾಜಿನ ಬಳೆಗಳು ಇಳಿದು ಬ್ಯಾಂಡನ್ನು ಚರ್ಮದಿಂದ ಎತ್ತಿಹಿಡಿದಿದ್ದವು. ಹಿಂಬದಿಯ ಹಸಿರು ಬೆಳಕು ಚರ್ಮದೊಳಕ್ಕೆ ಹೋಗಿ, ರಕ್ತ ಹೀರಿಕೊಂಡು ಉಳಿದದ್ದು ವಾಪಸ್ ಬರಬೇಕು, ಆ ಏರಿಳಿತದಿಂದಲೇ ಅದು ಬಡಿತ ಲೆಕ್ಕ ಹಾಕುವುದು. ಸಂದಿಯಿದ್ದರೆ ಏನು ಎಣಿಸೀತು, ಪಾಪ. ಬಳೆ ಮೇಲೆ ಸರಿಸಿ, ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲಕ್ಕೆ ಬಿಗಿದು ಕಟ್ಟಿ ಮತ್ತೆ ಹತ್ತಿದೆ. 148 ತೋರಿಸಿತು. 220ರಲ್ಲಿ ವಯಸ್ಸು ಕಳೆಯುವ ಹಳೇ ಅಂದಾಜಿನ ಪ್ರಕಾರ ನನ್ನ 48ಕ್ಕೆ ಮೇಲ್ಮಿತಿ 172. ಅಂದರೆ ಹತ್ತಿರ ಹತ್ತಿರ ಕೊನೆಯ ಮೆಟ್ಟಿಲಿನಲ್ಲೇ ಇದ್ದೆ. ಅವತ್ತು ನಡುವೆ ಎರಡು ಸಲ ಕೂತೆ. ಮನೆಯವರು, "ಏನೇ, ವಾಚು ನೋಡಿ ಕೂರ್ತೀಯಾ, ಸುಸ್ತಾಗಿ ಕೂರ್ತೀಯಾ?" ಅಂದರು. "ಎರಡೂ ರೀ" ಅಂದೆ.

ಬ್ಯಾಂಡಿನ ಇನ್ನೊಂದು ಉಪಕಾರ ಸಿಕ್ಕಿದ್ದು ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋದಾಗ. ಗಂಟೆಗೊಮ್ಮೆ ಏಳಿ ಅಂತ ಗುಂಯ್‌ಗುಟ್ಟುತ್ತಿತ್ತು. ಎದ್ದು ನೀರು ಕುಡಿದು ಬರುತ್ತಿದ್ದೆ.

ಬ್ಯಾಂಡು ಬಂದಾಗ ಗುರಿ 10,000ಕ್ಕೆ ಇತ್ತು. ಅದನ್ನು 8,000ಕ್ಕೆ ಇಳಿಸಿದವಳು ನಾನೇ. ಆ ಹತ್ತು ಸಾವಿರ ಯಾವ ಡಾಕ್ಟರೂ ಬರೆದುಕೊಟ್ಟ ಚೀಟಿಯಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು 'ಮಾನ್‌ಪೊಕೆ' ಅಂತ ಹೆಸರಿಟ್ಟಿತು. ಹತ್ತು ಸಾವಿರ ಹೆಜ್ಜೆಯ ಮಾಪಕ ಅಂತ ಅರ್ಥ. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಸರಾಸರಿ 72 ವಯಸ್ಸಿನ ಹೆಂಗಸರನ್ನು ಗಮನಿಸಿ, ದಿನಕ್ಕೆ ಸುಮಾರು 7,500 ಹೆಜ್ಜೆಯ ನಂತರ ಸಾವಿನ ಅಪಾಯ ಮತ್ತೆ ಇಳಿಯುವುದಿಲ್ಲ ಅಂದಿತು. ನನಗೆ ಆ ವಯಸ್ಸು ಬರಲು ಇನ್ನೂ 24 ವರ್ಷವಿದೆ, ನಿಜ. ಆದರೂ ನೆಪ ಬೇಕಿತ್ತು.

ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆ ಹೆಜ್ಜೆಯ ಗೋಜಿಗೇ ಹೋಗುವುದಿಲ್ಲ. ಅದು ಕೇಳುವುದು ನಿಮಿಷ. ವಾರಕ್ಕೆ 150ರಿಂದ 300 ನಿಮಿಷ, ಸಾಧಾರಣ ಬಿರುಸಿನಲ್ಲಿ. ಬಿರುಸು ಸಾಕೇ ಅಂತ ತಿಳಿಯಲು ಯಂತ್ರ ಬೇಕಿಲ್ಲ. ನಡೆಯುತ್ತಾ ಮಾತಾಡಲು ಬರಬೇಕು, ಹಾಡಲು ಬರಬಾರದು. ಪಕ್ಕದ ಮನೆಯ ಅಕ್ಕನ ಜೊತೆ ಅಮಾನಿಕೆರೆಗೆ ಹೋದಾಗ ಇದನ್ನು ಪರೀಕ್ಷೆ ಮಾಡಿದೆವು. ಅಕ್ಕ ಪಲ್ಲವಿ ಪೂರ್ತಿ ಹಾಡಿಬಿಟ್ಟರು. ಬೇಗ ನಡೀರಿ ಅಕ್ಕ ಅಂದೆ.

ಇಲ್ಲಿಗೆ ಬೀಜದ ಸರದಿ. ನಮ್ಮ ಬಡಾವಣೆಯ ಪಾರ್ಕು ಸುತ್ತಲು ನನಗೆ ಐದು ನಿಮಿಷ. ಆರು ಬೀಜವೆಂದರೆ ಅರ್ಧ ಗಂಟೆ, ವಾರಕ್ಕೆ ಐದು ದಿನ ನಡೆದರೆ 150 ಆಯಿತು. ಚಾರ್ಜು ಬೇಡ, ನಾನೆಲ್ಲಿದ್ದೇನೆ ಅಂತ ಯಾರಿಗೂ ಹೇಳಬೇಕಿಲ್ಲ, ಕೈ ಬೀಸಲಿ ಬೀಸದಿರಲಿ ಸುತ್ತು ಸುತ್ತೇ. ಬ್ಯಾಂಡಿನಲ್ಲಿ ಸಂಜೆ 7,600 ಕಂಡರೆ ಅಡುಗೆಮನೆಯಲ್ಲಿ ನಿಂತು ಕೈ ಬೀಸಿ 8,000 ಮಾಡಿದ್ದೂ ಉಂಟು. ಬೀಜದ ಹತ್ತಿರ ಆ ಆಟ ನಡೆಯದು. ಈಗ ದಿನನಿತ್ಯಕ್ಕೆ ಬೀಜ, ಬೆಟ್ಟ ಹತ್ತುವ ದಿನಕ್ಕೆ ಬ್ಯಾಂಡು.

ಬೀಜದಲ್ಲೂ ಒಂದು ತೊಂದರೆ ಇದೆ. ಮುಷ್ಟಿಯಿಂದ ಒಂದೊಂದೇ ಕಲ್ಲುಬೆಂಚಿನ ಮೇಲೆ ಇಡುತ್ತಾ ಹೋಗುತ್ತೇನೆ, ನಾನು ಆ ಕಡೆ ತಿರುಗಿದಾಗ ಬೆಂಚು ಕಣ್ಣಿಗೆ ಬೀಳುವುದಿಲ್ಲ. ಕಳೆದ ವಾರ ಎಷ್ಟು ನಡೆದರೂ ಬೆಂಚಿನ ಮೇಲೆ ಆರು ಆಗಲೇ ಇಲ್ಲ. ಮುಷ್ಟಿ ಖಾಲಿಯಾದರೂ ಅಲ್ಲಿ ನಾಲ್ಕೇ. ಇನ್ನೆರಡು ಎಲ್ಲೋ ದಾರಿಯಲ್ಲಿ ಬಿದ್ದವು ಅಂದುಕೊಂಡು ಮತ್ತೆರಡು ಸುತ್ತು ಹಾಕಿ ಬಂದರೆ, ಬೆಂಚಿನ ಹಿಂದೆ ಇಬ್ಬರು ಹುಡುಗರು ನನ್ನ ಬೀಜಗಳನ್ನು ಕಲ್ಲಿಗೆ ಉಜ್ಜಿ ಬಿಳಿ ಮಾಡುತ್ತಾ ಕೂತಿದ್ದರು. ಚೌಕಾಬಾರಕ್ಕೆ ಕಡಿಮೆ ಬಿದ್ದಿದ್ದವಂತೆ. ಅವತ್ತು ಎಂಟು ಸುತ್ತಾಗಿತ್ತು. ಬ್ಯಾಂಡು ಮನೆಯಲ್ಲಿ ಚಾರ್ಜಿಗಿತ್ತು.