ಸೀಟು ಇತ್ತು, ಟಿಕೆಟ್ ಇರಲಿಲ್ಲ: ಯುರೋಪಿನ ರೈಲು ಬುಕ್ ಮಾಡುವವರು ಇದನ್ನೊಮ್ಮೆ ಓದಿ

ಮೊದಲೇ ಹೇಳಿಬಿಡುತ್ತೇನೆ. ಯುಪಿಐ ಪಿನ್ ಒತ್ತಿದ್ದು ನಾನೇ, ಷರತ್ತುಗಳಿಗೆ ಒಪ್ಪಿದ್ದೇನೆ ಎಂಬ ಚೌಕದಲ್ಲಿ ಗುರುತು ಹಾಕಿದ್ದೂ ನಾನೇ. ಆದ್ದರಿಂದ "ಸರಿಯಾಗಿ ಓದಬೇಕಿತ್ತಲ್ಲವೇ" ಎನ್ನುವವರು ದಯವಿಟ್ಟು ಸಾಲಿನಲ್ಲಿ ಬನ್ನಿ. ನಿಮಗಿಂತ ಮುಂದೆ ನನ್ನ ಹೆಂಡತಿ ನಿಂತಿದ್ದಾಳೆ.

ನಮ್ಮ ಬಳಗದಲ್ಲಿ ಯಾರಿಗೆ ರೈಲು ಟಿಕೆಟ್ ಬೇಕಾದರೂ ಫೋನ್ ಬರುವುದು ನನಗೆ. ಬೆಳಿಗ್ಗೆ ಹತ್ತು ಗಂಟೆಗೆ ತತ್ಕಾಲ್ ತೆರೆಯುತ್ತಲೇ ದಾವಣಗೆರೆಯಿಂದ ಎಲ್ಲಿಗೆಂದರೆ ಅಲ್ಲಿಗೆ ಸೀಟು ಹಿಡಿದುಕೊಡುವವನು ಎಂಬ ಹೆಸರು ನನಗಿದೆ. ಇತ್ತು ಎನ್ನಬೇಕೇನೋ. ತಂಗಿ ಮ್ಯೂನಿಕ್‌ನಲ್ಲಿದ್ದಾಳೆ. ಅಮ್ಮ, ಹೆಂಡತಿ, ಹನ್ನೆರಡು ವರ್ಷದ ಮಗನೊಂದಿಗೆ ಅವಳ ಮನೆಗೆ ಹೋಗಿ, ಅಲ್ಲಿಂದ ನಾಲ್ಕು ದಿನ ಬುಡಾಪೆಸ್ಟ್ ನೋಡಿ ಬರುವುದೆಂದು ಗೊತ್ತು ಮಾಡಿದೆವು. "ಟಿಕೆಟ್ ನಾನೇ ಮಾಡಿಸಿಡುತ್ತೇನೆ ಅಣ್ಣಾ" ಎಂದು ಅವಳು ಎರಡು ಸಲ ಹೇಳಿದಳು. ರೈಲು ಟಿಕೆಟ್ ಮಾಡಿಸುವುದನ್ನು ನನಗೆ ಇವಳು ಕಲಿಸಬೇಕೇ ಎಂದುಕೊಂಡೆ.

ಜರ್ಮನ್ ರೈಲ್ವೆಯ ಸ್ವಂತ ಜಾಲತಾಣದಲ್ಲೇ ಶುರುಮಾಡಿದ್ದೆ. ರೈಲು ಸಿಕ್ಕಿತು. ಮ್ಯೂನಿಕ್‌ನಿಂದ ಸಾಲ್ಜ್‌ಬರ್ಗ್, ವಿಯೆನ್ನಾ ದಾಟಿ ಬುಡಾಪೆಸ್ಟ್‌ನ ಕೆಲೆಟಿ ನಿಲ್ದಾಣಕ್ಕೆ ನೇರ ಹೋಗುವ ರೈಲ್‌ಜೆಟ್, ಸುಮಾರು ಏಳು ಗಂಟೆಯ ದಾರಿ. ಹಣ ಕಟ್ಟುವಲ್ಲಿ ಕಾರ್ಡ್ ತಿರಸ್ಕೃತ. ಮತ್ತೊಮ್ಮೆ, ತಿರಸ್ಕೃತ. ಕಾರಣ ಆಮೇಲೆ ತಿಳಿಯಿತು. 2020ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದಂತೆ ಹೊಸ ಕಾರ್ಡುಗಳಲ್ಲಿ ವಿದೇಶಿ ವಹಿವಾಟು ಬಂದ್ ಆಗಿರುತ್ತದೆ, ನಾವೇ ಚಾಲೂ ಮಾಡಿಕೊಳ್ಳಬೇಕು. ಬ್ಯಾಂಕಿನ ಆ್ಯಪ್‌ನಲ್ಲಿ ಒಂದು ಗುಂಡಿ, ಅಷ್ಟೇ. ಆ ಒಂದು ಗುಂಡಿ ಗೊತ್ತಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಗೊತ್ತಿರಲಿಲ್ಲವಾದ್ದರಿಂದ ಹುಡುಕಾಟಕ್ಕಿಳಿದೆ. ಎಲ್ಲಕ್ಕಿಂತ ಮೇಲೆ ಜಾಹೀರಾತಿನಲ್ಲಿ ಒಂದು ಜಾಲತಾಣ. ಹೆಸರಿನಲ್ಲಿ ರೈಲೂ ಇದೆ, ಯುರೋಪೂ ಇದೆ. ಸರ್ಕಾರಿ ಇಲಾಖೆಯದೇ ಇರಬೇಕು ಎನ್ನಿಸುವ ನೀಲಿ ಬಣ್ಣ. ಬೆಲೆ ರೂಪಾಯಿಯಲ್ಲಿ, ಪಾವತಿ ಯುಪಿಐಯಲ್ಲಿ! ಅದೇ ರೈಲು, ಅದೇ ಹೊತ್ತು. ನಾಲ್ವರಿಗೆ 14,920 ರೂಪಾಯಿ, ರೈಲ್ವೆಯ ತಾಣದಲ್ಲಿ ಕಂಡದ್ದಕ್ಕಿಂತ ಕಡಿಮೆ. ಅಗ್ಗಕ್ಕೆ ಹೊಡೆದೆ ಎಂದು ಬೀಗಿದೆ. ಹತ್ತು ನಿಮಿಷದಲ್ಲಿ ಇ-ಮೇಲ್ ಬಂತು. ರಿಸರ್ವೇಶನ್ ಕನ್ಫರ್ಮ್ ಆಗಿದೆ, ಬೋಗಿ ಸಂಖ್ಯೆ ಇಷ್ಟು, ಸೀಟುಗಳು 61ರಿಂದ 64.

ನೀವೇ ಹೇಳಿ. ನಮ್ಮ ದೇಶದಲ್ಲಿ ಬೋಗಿ ಸಂಖ್ಯೆ, ಸೀಟಿನ ಸಂಖ್ಯೆ, ಕನ್ಫರ್ಮ್ ಎಂಬ ಪದ, ಈ ಮೂರೂ ಇರುವ ಕಾಗದ ಕೈಯಲ್ಲಿದ್ದರೆ ಅದು ಟಿಕೆಟ್ ಅಲ್ಲದೆ ಇನ್ನೇನು? ವೇಟಿಂಗ್ ಲಿಸ್ಟ್, ಆರ್‌ಎಸಿ ನೋಡಿ ನೋಡಿ ಬೆಳೆದವರಿಗೆ ಕನ್ಫರ್ಮ್ ಎಂದರೆ ವೇದವಾಕ್ಯ. ಕಾಗದ ಮುದ್ರಿಸಿ, ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು, ಅಮ್ಮನ ಪಾಸ್‌ಪೋರ್ಟ್ ಜೊತೆಗೆ ಇರಿಸಿದೆ.

ಆ ದಿನ ತಂಗಿ ನಿಲ್ದಾಣದವರೆಗೆ ಬಂದು ಬೀಳ್ಕೊಟ್ಟಳು. ಬೋಗಿಯೊಳಗೆ ನಮ್ಮ ಸೀಟುಗಳ ಮೇಲಿನ ಪುಟ್ಟ ಪರದೆಯಲ್ಲಿ ಮ್ಯೂನಿಕ್‌ನಿಂದ ಬುಡಾಪೆಸ್ಟ್ ಎಂದು ಬೆಳಗುತ್ತಿತ್ತು. ಅದರಲ್ಲೊಂದು ಸೀಟಿನಲ್ಲಿ ಕಾಲೇಜು ಹುಡುಗನೊಬ್ಬ ಕುಳಿತಿದ್ದ. ನನ್ನ ಕಾಗದ ತೋರಿಸಿದೆ. ಪಾಪ, ಕ್ಷಮೆ ಕೇಳಿ, ಚೀಲ ಎತ್ತಿಕೊಂಡು ಬಾಗಿಲ ಬಳಿ ಹೋಗಿ ನಿಂತ. ಎಂಥ ಹೆಮ್ಮೆ ನನಗೆ! ಅಮ್ಮ ಮೇಜಿನ ಮೇಲೆ ಚಪಾತಿ, ಶೇಂಗಾ ಚಟ್ನಿಪುಡಿ ಬಿಚ್ಚಿದರು.

ರೋಸೆನ್‌ಹೈಮ್ ದಾಟಿದ ಮೇಲೆ ಟಿಕೆಟ್ ಪರೀಕ್ಷಿಸುವ ಮಹಿಳೆ ಬಂದರು. ಕಾಗದ ನೋಡಿದರು. ತಿರುಗಿಸಿ ಹಿಂಬದಿ ನೋಡಿದರು. ಆಮೇಲೆ ನಗುತ್ತಲೇ ಕೇಳಿದರು, "ಯೂರೇಲ್?" ನನಗೆ ಕೇಳಿಸಿದ್ದು "ನಿಮ್ಮ ರೈಲು?" ಎಂದು. "ಹೌದು, ನಮ್ಮ ರೈಲು ಇದೇ" ಎಂದೆ. ಪಾಸ್ ತೋರಿಸಿ ಎಂದರು. ಪಾಸ್‌ಪೋರ್ಟ್ ತೆಗೆದುಕೊಟ್ಟೆ. ಅವರ ಮುಖದ ನಗು ಅಲ್ಲಿಗೆ ನಿಂತಿತು. ಕಾಗದದ ಮೇಲಿನ ಒಂದು ಉದ್ದನೆಯ ಪದದ ಕೆಳಗೆ ಬೆರಳಿಟ್ಟು, ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದರು: "ಇದು ರೆಸರ್ವೀರುಂಗ್. ಫಾರ್‌ಕಾರ್ಟೆ ಎಲ್ಲಿ?" ಇದು ಸೀಟು ಕಾಯ್ದಿರಿಸಿದ ಚೀಟಿ, ಟಿಕೆಟ್ ಎಲ್ಲಿ?

ಆಗ ಗೊತ್ತಾಯಿತು. ಜರ್ಮನಿ, ಆಸ್ಟ್ರಿಯಾಗಳಲ್ಲಿ ಪ್ರಯಾಣದ ಟಿಕೆಟ್ ಬೇರೆ, ಸೀಟು ಬೇರೆ. ಟಿಕೆಟ್ ಇದ್ದವರು ಸೀಟು ಕಾಯ್ದಿರಿಸದೆಯೂ ರೈಲು ಹತ್ತಬಹುದು, ಖಾಲಿ ಇದ್ದಲ್ಲಿ ಕೂರಬಹುದು. ಯುರೋಪಿನ ಹೊರಗಿನವರು ಕೊಳ್ಳುವ, ಹಲವು ದೇಶಗಳ ರೈಲುಗಳಲ್ಲಿ ಟಿಕೆಟ್ಟಿನ ಬದಲು ನಡೆಯುವ ಯೂರೇಲ್ ಪಾಸ್ ಇದ್ದವರು ಬೇಕಾದರೆ ಸೀಟಿನ ಚೀಟಿಯನ್ನಷ್ಟೇ ಪಡೆಯುತ್ತಾರೆ, ಅದಕ್ಕೆ ತಲೆಗೆ ಕೆಲವೇ ಯೂರೋ. ನನಗೆ ಮಾರಿದ್ದು ಆ ಚೀಟಿಯನ್ನು. ಹದಿನೈದು ಸಾವಿರಕ್ಕೆ! ಪ್ಯಾರಿಸ್‌ಗೆ ಹೋಗಿಬಂದ ಸಹೋದ್ಯೋಗಿಯನ್ನು ಹೊರಡುವ ಮೊದಲು ಕೇಳಿದ್ದೆ, ಟಿಕೆಟ್, ಸೀಟು ಎರಡೂ ಒಂದೇ ಎಂದಿದ್ದರು. ಅವರು ಸುಳ್ಳು ಹೇಳಲಿಲ್ಲ, ಫ್ರಾನ್ಸಿನ ಟಿಜಿವಿ ಎಂಬ ಅತಿವೇಗದ ರೈಲಿನಲ್ಲಿ ಟಿಕೆಟ್ ಕೊಂಡರೆ ಸೀಟು ಅದರಲ್ಲೇ ಬರುತ್ತದೆ.

"ಏನಪ್ಪಾ, ಏನಂತೆ?" ಎಂದು ಅಮ್ಮ ಕೇಳುತ್ತಲೇ ಇದ್ದರು. ಏನು ಹೇಳಲಿ? ಸುತ್ತಲಿನವರೆಲ್ಲ ಕಿಟಕಿಯಾಚೆ ನೋಡುತ್ತಿದ್ದರು, ಅಂದರೆ ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಬಾಗಿಲ ಬಳಿಯ ಆ ಹುಡುಗ ತನ್ನ ಮೊಬೈಲ್‌ನಲ್ಲಿ ಟಿಕೆಟ್ ತೋರಿಸಿದ. ಟಿಕೆಟ್ ಇದ್ದವನನ್ನು ಟಿಕೆಟ್ ಇಲ್ಲದ ನಾನು ಎಬ್ಬಿಸಿ ನಿಲ್ಲಿಸಿದ್ದೆ. ಹಣ ಹೋದದ್ದಕ್ಕಿಂತ ಇದು ಹೆಚ್ಚು ಚುಚ್ಚುತ್ತದೆ, ಈಗಲೂ.

ಟಿಕೆಟ್ ಇಲ್ಲದೆ ಸಿಕ್ಕಿಬಿದ್ದರೆ ಜರ್ಮನಿಯಲ್ಲಿ ತಲೆಗೆ ಕನಿಷ್ಠ 60 ಯೂರೋ ದಂಡ. ಅಮ್ಮನನ್ನು ನೋಡಿಯೋ, ನನ್ನ ಬೆವರು ನೋಡಿಯೋ, ಆಕೆ ದಂಡ ಬರೆಯಲಿಲ್ಲ. ಸಾಲ್ಜ್‌ಬರ್ಗ್‌ನಲ್ಲಿ ಇಳಿದು ಟಿಕೆಟ್ ಕೊಳ್ಳಿ ಎಂದರು. ಇಳಿದೆವು. ರೈಲು ನಮ್ಮ ನಾಲ್ಕು ಸೀಟುಗಳನ್ನು ಖಾಲಿಯಾಗಿ ಹೊತ್ತುಕೊಂಡು ಹೋಯಿತು. ಕೌಂಟರಿನಲ್ಲಿ ಅದೇ ದಿನದ ಪೂರ್ತಿ ಬೆಲೆ, ಮಗನಿಗೆ ಅರ್ಧ, ಒಟ್ಟು ಮುನ್ನೂರು ಚಿಲ್ಲರೆ ಯೂರೋ. ಮುಂದಿನ ರೈಲು ತುಂಬಿ ತುಳುಕುತ್ತಿತ್ತು. ಈಗ ಟಿಕೆಟ್ ಇತ್ತು, ಸೀಟಿರಲಿಲ್ಲ. ಅಮ್ಮನಿಗೆ ಯಾರೋ ಎದ್ದು ಜಾಗ ಕೊಟ್ಟರು. ಮಗ ವಿಯೆನ್ನಾವರೆಗೆ ಸೂಟ್‌ಕೇಸ್ ಮೇಲೆ ಕುಳಿತ. ಹೆಂಡತಿ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು.

ಅಂದು ರಾತ್ರಿಯೇ ಆ ಜಾಲತಾಣದವರಿಗೆ ಬರೆದೆ. ಉತ್ತರ: "ಪ್ರಿಯ ಗ್ರಾಹಕರೇ, ತಾವು ಬುಕ್ ಮಾಡಿದ ಸೇವೆಯನ್ನು ಯಶಸ್ವಿಯಾಗಿ ಒದಗಿಸಲಾಗಿದೆ." ನಾನು ಕೇಳಿದ್ದು ಟಿಕೆಟ್ ಎಂದು ಬರೆದೆ. "ತಾವು ಆಯ್ದುಕೊಂಡಿದ್ದು ಆಸನ ಸೇವೆ. ಪ್ರಯಾಣದ ಹಕ್ಕು ತಮ್ಮ ಬಳಿ ಇದೆಯೇ ಎಂದು ಖಚಿತಪಡಿಸಿಕೊಳ್ಳುವುದು ಗ್ರಾಹಕರ ಹೊಣೆ." ಪ್ರಯಾಣದ ಹಕ್ಕು! ಇ-ಮೇಲ್ ಮತ್ತೆ ತೆರೆದೆ. ಇತ್ತು. ಎಲ್ಲಕ್ಕಿಂತ ಕೆಳಗೆ, ಬಿಳಿಯ ಮೇಲೆ ತಿಳಿ ಬೂದು ಅಕ್ಷರದಲ್ಲಿ, ಪಾಸ್ ಹೊಂದಿರುವವರಿಗೆ ಮಾತ್ರ ಎಂಬ ಒಂದು ಸಾಲು.

ಸೀಟಿನ ಚೀಟಿಗೆ ಕೆಲವೇ ಯೂರೋ, ಉಳಿದ ಹಣ ಯಾವುದಕ್ಕೆ ಎಂದು ಕೇಳಿದೆ. "ಅದು ನಮ್ಮ ಸೇವಾ ಶುಲ್ಕ, ಮರುಪಾವತಿ ಇಲ್ಲ." ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತೇನೆ ಎಂದೆ. "ನಮ್ಮ ಸಂಸ್ಥೆ ಭಾರತದಲ್ಲಿ ನೋಂದಣಿಯಾಗಿಲ್ಲ, ಹಣ ಸಂಗ್ರಹಿಸುವವರು ಬೇರೆ. ತಮಗಾದ ಅನನುಕೂಲಕ್ಕಾಗಿ ಮುಂದಿನ ಬುಕಿಂಗ್‌ಗೆ ಶೇ 10 ರಿಯಾಯಿತಿ ನೀಡುತ್ತಿದ್ದೇವೆ." ಮುಂದಿನ ಬುಕಿಂಗ್‌ಗಂತೆ! ಈ ಕೊನೆಯ ಉತ್ತರ ಮೂರು ಸಲ ಬಂತು, ಅಕ್ಷರ ಬದಲಾಗದೆ. ಆಮೇಲೆ ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿ ಇನ್ನೊಂದು.

ಬ್ಯಾಂಕಿನವರದು ಒಂದೇ ಮಾತು: "ಪಿನ್ ಒತ್ತಿದ್ದು ನೀವೇ ಅಲ್ಲವೇ ಸರ್?" ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ ತಕರಾರು ಅರ್ಜಿ ಹಾಕಿ ಜಗಳವನ್ನಾದರೂ ಮಾಡಬಹುದಿತ್ತು. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ದೂರು ಕೊಟ್ಟಿದ್ದೇನೆ. ದೂರಿನ ಸಂಖ್ಯೆ ಸಿಕ್ಕಿದೆ. ಸದ್ಯಕ್ಕೆ ಸಿಕ್ಕಿರುವುದು ಅದೊಂದೇ.

ಹೋಗುವವರಿಗೆ ನನ್ನ ಮಾತು ಇಷ್ಟು. ಕಾರ್ಡಿನ ವಿದೇಶಿ ಬಳಕೆಯ ಗುಂಡಿಯನ್ನು ಮೊದಲು ಚಾಲೂ ಮಾಡಿ, ಆಮೇಲೆ ಜಾಲತಾಣ ತೆರೆಯಿರಿ. ಜರ್ಮನ್ ರೈಲ್ವೆಯೋ ಆಸ್ಟ್ರಿಯಾದ ರೈಲ್ವೆಯೋ, ಅವರದೇ ತಾಣದಲ್ಲಿ ಕೊಳ್ಳಿ. ಈ ದಾರಿಯ ಟಿಕೆಟ್ ಇಬ್ಬರ ಬಳಿಯೂ ಸಿಗುತ್ತದೆ. ಕೈಗೆ ಬಂದ ಕಾಗದದಲ್ಲಿ ರೆಸರ್ವೀರುಂಗ್ ಎಂಬ ಪದವೊಂದೇ ಇದ್ದರೆ ಅದು ಟಿಕೆಟ್ ಅಲ್ಲ. ಅದರಲ್ಲಿ ಸೀಟಿನ ಸಂಖ್ಯೆ ಎಷ್ಟು ಚೆಂದವಾಗಿ ಇದ್ದರೂ ಅಲ್ಲ. ಮತ್ತೆ, ಆ ಊರಿನಲ್ಲಿ ನಿಮಗೊಬ್ಬ ತಂಗಿ ಇದ್ದು, ತಾನೇ ಮಾಡಿಸುತ್ತೇನೆ ಎಂದರೆ ಹೂಂ ಎನ್ನಿ.

ನನ್ನ ತಂಗಿಗೆ ಈ ವಿಷಯ ನಾನಿನ್ನೂ ಹೇಳಿಲ್ಲ. ಬುಡಾಪೆಸ್ಟ್‌ನಿಂದ ಫೋನ್ ಮಾಡಿದಾಗ ಪ್ರಯಾಣ ಹೇಗಾಯಿತು ಎಂದು ಕೇಳಿದಳು, ಸೀಟು ಚೆನ್ನಾಗಿತ್ತು ಎಂದೆ. ಆಮೇಲೆ ಅಮ್ಮ ಫೋನ್ ಇಸಿದುಕೊಂಡು ಬಾಲ್ಕನಿಗೆ ಹೋದರು. ಅರ್ಧ ಗಂಟೆ ಮಾತಾಡಿದರು.