ಕೋಲಾರದ ಶನಿವಾರದ ದುಡ್ಡಿನ ಕ್ಲಾಸು: ನಾಲ್ಕು ವಾರ ಹೋಗಿ ಬಂದಿದೀನಿ

ನಮ್ಮ ಕೋಲಾರದಲ್ಲಿ ಒಂದು ಸಣ್ಣ ಕ್ರೈಸ್ತ ಸಭೆಯವ್ರು (ಚರ್ಚಿನವ್ರು) ವಿಶ್ವಾಸಿಗಳಿಗೆ ಅಂತ ದುಡ್ಡಿನ ಕ್ಲಾಸ್ ನಡೆಸ್ತಿದಾರೆ, ನಾಲ್ಕು ಶನಿವಾರ, ಸಾಯಂಕಾಲ 6ರಿಂದ 8, ಫೀಸು 200 ರೂಪಾಯಿ, ಅದ್ರಲ್ಲೇ ಒಂದು ನೋಟ್‌ಬುಕ್ಕು ಟೀ ಬನ್ನು ಎಲ್ಲಾ ಸೇರ್ತು. ಪಾಠ ಮಾಡೋರು ಬ್ಯಾಂಕಲ್ಲಿದ್ದು ರಿಟೈರ್ ಆದ ಒಬ್ರು ಅಕ್ಕ. ಹೆಂಗಿತ್ತು ಹೆಂಗಿತ್ತು ಅಂತ ತುಂಬಾ ಜನ ಕೇಳ್ತಿದೀರ, ಅದಕ್ಕೆ ಒಂದೇ ಸಲ ಎಲ್ಲಾ ಬರೀತಿದೀನಿ. 5ಕ್ಕೆ 4 ಸ್ಟಾರ್ ಕೊಡ್ತೀನಿ, ಒಂದು ಯಾಕೆ ಹಿಡ್ಕೊಂಡೆ ಅಂತ ಕೆಳಗೆ ಹೇಳಿದೀನಿ.

ನಾನು ಯಾವ ಸ್ಥಿತೀಲಿ ಹೋದೆ ಅಂತ ಮೊದ್ಲು ಹೇಳ್ಬೇಕು. ಎರಡು ವರ್ಷದ ಹಿಂದೆ ಒಂದು ದೊಡ್ಡ ಆಶೀರ್ವಾದ ಕೂಟಕ್ಕೆ ಹೋಗಿದ್ದೆ, ಹೆಸರು ಬೇಡ. ಸ್ಟೇಜ್ ಮೇಲೆ ಬೈಬಲ್ಲಿನ ಮಲಾಕಿಯ 3:10 ಓದಿದ್ರು, ಪರಲೋಕದ ದ್ವಾರಗಳನ್ನ ತೆರೆದು ಸ್ಥಳ ಹಿಡಿಸಲಾರದಷ್ಟು ಸುರಿಸ್ತಾನೆ, ಕೈಯಲ್ಲಿರೋದನ್ನ ಬೀಜದ ಹಾಗೆ ಬಿತ್ತಿ ನೂರರಷ್ಟು ಬರುತ್ತೆ ಅಂದ್ರು, ಕವರ್ ಹಂಚಿದ್ರು, ಸ್ಕ್ರೀನ್ ಮೇಲೆ ಕ್ಯೂಆರ್ ಕೋಡ್ ಬಂತು, ಸುತ್ತ ಎಲ್ರೂ ಅಳ್ತಿದ್ರು, ನಾನೂ 10,000 ಹಾಕ್ದೆ. ಆ ದುಡ್ಡು ನಮ್ಮ ತೋಟದಲ್ಲಿ ಟೊಮೆಟೊ ಬಿಡಿಸಿದ ಹೆಂಗಸ್ರಿಗೆ ಕೊಡಬೇಕಾಗಿದ್ದ ಕೂಲಿ. ಬಂದ ಮೇಲೆ ಡಬಲ್ ಕೊಡೋಣ ಅಂತ ಮನಸಲ್ಲಿ ಅಂದ್ಕೊಂಡಿದ್ದೆ. ಆ ಬೆಳೆ ಮಂಡೀಲಿ ಬಾಕ್ಸಿಗೆ 80 ರೂಪಾಯಿಗೆ ಹೋಯ್ತು, ಗಾಡಿ ಬಾಡಿಗೆ ಕೂಡ ಗಿಟ್ಟಲಿಲ್ಲ. ಆ ಕೂಟದವರಿಗೆ ಫೋನ್ ಮಾಡಿ ಪ್ರಾರ್ಥನೆ ಮಾಡಿ ಅಂದ್ರೆ ನಿಮ್ಮ ವಿಶ್ವಾಸ ಸಾಲ್ದು ಬ್ರದರ್, ಇನ್ನೊಂದು ಬೀಜ ಬಿತ್ತಿ ಅಂದ್ರು. ಆಮೇಲೆ ಎಷ್ಟೋ ದಿನ ನಾನೇ ಏನೋ ಪಾಪ ಮಾಡಿದೀನಿ ಅಂತ ರಾತ್ರಿ ಎದ್ದು ಕೂರ್ತಿದ್ದೆ, ಪ್ರಾರ್ಥನೆ ಮಾಡಕ್ಕೂ ಬಾಯಿ ಬರ್ತಿರ್ಲಿಲ್ಲ.

ಮೊದಲ ಶನಿವಾರ ಅಕ್ಕ ತೆಗೆದಿದ್ದೂ ಅದೇ ಮಲಾಕಿಯ 3. ನನಗೆ ಎದೆ ಧಸಕ್ ಅಂತು, ಇಲ್ಲೂ ಅದೇನಾ ಅಂತ. ಆದ್ರೆ ಅವ್ರು 10ನೇ ವಚನದಿಂದ ಶುರು ಮಾಡ್ಲಿಲ್ಲ, ಅಧ್ಯಾಯದ ಮೊದಲಿಂದ ಒಬ್ಬೊಬ್ರ ಕೈಲಿ ಒಂದೊಂದು ವಚನ ಓದಿಸಿದ್ರು. 5ನೇ ವಚನ ನನ್ನ ಪಾಲಿಗೆ ಬಂತು. ಕೂಲಿಯವರ ಕೂಲಿಯಲ್ಲಿ ಅನ್ಯಾಯ ಮಾಡೋರ ಮೇಲೆ, ವಿಧವೆಯರನ್ನ ತಂದೆಯಿಲ್ಲದವರನ್ನ ಬಾಧಿಸೋರ ಮೇಲೆ ನಾನೇ ಸಾಕ್ಷಿಯಾಗಿ ಬರ್ತೀನಿ ಅಂತ ದೇವರು ಹೇಳೋ ಮಾತದು. ಅದೇ ಪೇಜು, ಐದೇ ವಚನ ಮೇಲೆ. ಇಷ್ಟು ವರ್ಷದಲ್ಲಿ ಯಾರೂ ನನಗೆ ಆ ವಚನ ಓದಿ ಹೇಳಿರ್ಲಿಲ್ಲ, ನಾನೂ ಓದಿರ್ಲಿಲ್ಲ. ಅರ್ಧದಲ್ಲೇ ನನ್ನ ಗಂಟಲು ಕಟ್ಟಿ ಪಕ್ಕದೋರು ಮುಗಿಸಿದ್ರು.

ಆಮೇಲೆ ಅಕ್ಕ, 10ನೇ ವಚನದಲ್ಲಿರೋ ದಶಮಾಂಶ (ಹತ್ತರಲ್ಲೊಂದು ಪಾಲು) ಅಂದ್ರೆ ಆಗ ದವಸ ಧಾನ್ಯ, ಎಣ್ಣೆ, ದ್ರಾಕ್ಷಾರಸ, ದೇವಾಲಯದ ಉಗ್ರಾಣಕ್ಕೆ ಹೋಗ್ತಿತ್ತು, ದೇವಾಲಯದ ಸೇವೆ ಮಾಡೋ, ಹೊಲ ಇಲ್ಲದ ಲೇವಿಯರು ಅದ್ರಲ್ಲಿ ಊಟ ಮಾಡ್ತಿದ್ರು, ಧರ್ಮೋಪದೇಶಕಾಂಡ 14ರಲ್ಲಿ ಮೂರು ವರ್ಷಕ್ಕೊಂದು ಸಲ ಅದು ಊರಲ್ಲೇ ಇಟ್ಟು ಪರದೇಶಿಗಳಿಗೆ ಅನಾಥರಿಗೆ ವಿಧವೆಯರಿಗೆ ಅಂತ ಇದೆ ಎಂದು ವಿವರಿಸಿದ್ರು. ಈ ಬೀಜ ಬಿತ್ತೋ ಬೋಧನೆ ಅಮೆರಿಕದಲ್ಲಿ ಹೋದ ಶತಮಾನದಲ್ಲಿ ಓರಲ್ ರಾಬರ್ಟ್ಸ್ ಥರದ ಪ್ರಸಂಗಿಗಳಿಂದ ಹಬ್ಬಿದ್ದು ಅಂತಾನೂ, 2010ರಲ್ಲಿ ಕೇಪ್ ಟೌನಲ್ಲಿ ಸೇರಿದ್ದ ಲೊಸಾನ್ ಅನ್ನೋ ಬೇರೆ ಬೇರೆ ದೇಶದ ಕ್ರೈಸ್ತರ ಸಮಾವೇಶ ಇದನ್ನ ಬೈಬಲ್ ವಾಕ್ಯಕ್ಕೆ ವಿರುದ್ಧ ಅಂತ ಒಪ್ಪಿ ಬರೆದಿದೆ ಅಂತಾನೂ ಹೇಳಿದ್ರು. ಕೊಡೋದು ತಪ್ಪು ಅಂತ ಅವ್ರು ಒಂದು ಸಲಾನೂ ಹೇಳ್ಲಿಲ್ಲ, ಅವರೇ ಕೊಡೋರು. ನಮ್ಮೂರ ಇಟಿಸಿಎಂ ಆಸ್ಪತ್ರೆ ಕಟ್ಟಿದ ಮೆಥಡಿಸ್ಟರ ಮೂಲಪುರುಷ ಜಾನ್ ವೆಸ್ಲಿ ಆದಷ್ಟು ದುಡಿ, ಆದಷ್ಟು ಉಳಿಸು, ಆದಷ್ಟು ಕೊಡು ಅಂತ ಬೋಧಿಸ್ತಿದ್ರಂತೆ, ಅದನ್ನ ಬೋರ್ಡ್ ಮೇಲೆ ಬರೆದು ನಾಲ್ಕು ವಾರಾನೂ ಅಳಿಸ್ಲಿಲ್ಲ. ಕೊಡೋಕೆ ಮುಂಚೆ ನಿನ್ನ ಜೇಬಲ್ಲಿರೋ ದುಡ್ಡಲ್ಲಿ ಯಾರ್ಯಾರದು ಎಷ್ಟೆಷ್ಟಿದೆ ನೋಡು, ಇಷ್ಟೇ ಅವರ ಮಾತು.

ಸೋಮವಾರ ಬೆಳಿಗ್ಗೆ ಒಂದು ಕರು ಮಾರಿದ್ದ ದುಡ್ಡು ತಗೊಂಡು ಆ ಹೆಂಗಸ್ರ ಮನೆಗಳಿಗೆ ಹೋದೆ. ಅದ್ರಲ್ಲಿ ವಯಸ್ಸಾದ ಒಬ್ರು ನೋಟುಗಳನ್ನ ಎರಡು ಸಲ ಎಣಿಸಿ ಸೆರಗಿನ ತುದೀಲಿ ಗಂಟು ಹಾಕ್ಕೊಂಡು, ಬರಲ್ಲ ಅಂತ ಬಿಟ್ಟಾಕಿದ್ವಿ ಕಣಪ್ಪ, ನೀನೂ ಹಂಗೇ ಅಂದ್ಕೊಂಡಿದ್ವಿ ಅಂದ್ರು. ಆ ಮಾತಿಗೆ ನನ್ನತ್ರ ಉತ್ತರ ಇರ್ಲಿಲ್ಲ.

ಎರಡನೇ ವಾರ ಸಾಲದ ಶೀಟು. ಮಂಡಿ ಅಡ್ವಾನ್ಸು, ಚಿನ್ನದ ಸಾಲ, ಸಂಘದ ಸಾಲ, ಕೈಸಾಲ, ಬಡ್ಡಿ ಎಷ್ಟು, ಯಾವಾಗ ತೀರುತ್ತೆ, ಎಲ್ಲಾ ಒಂದೇ ಹಾಳೇಲಿ. ಸಾಲಗಾರ ಸಾಲ ಕೊಟ್ಟವನಿಗೆ ದಾಸ ಅನ್ನೋ ಜ್ಞಾನೋಕ್ತಿ 22:7 ಅದರ ತಲೆ ಮೇಲೆ ಪ್ರಿಂಟ್ ಆಗಿರುತ್ತೆ. ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿ ಅಂದ್ರೆ ವರ್ಷಕ್ಕೆ 36 ಪರ್ಸೆಂಟು ಅಂತ ಪೆನ್ನಲ್ಲಿ ಬರೆದು ನೋಡಿದಾಗ ರೂಮಲ್ಲಿ ಯಾರೂ ಮಾತಾಡ್ಲಿಲ್ಲ.

ನನಗೆ ಅತಿ ಹೆಚ್ಚು ಉಪಯೋಗ ಆಗಿದ್ದು ಮೂರನೇ ವಾರ. ಅಲ್ಲೇ ಒಂದು ಕಂಪ್ಲೇಂಟೂ ಇದೆ. ಅವರ ನೋಟ್‌ಬುಕ್ಕು ತಿಂಗಳ ಸಂಬಳ ಬರೋರಿಗೆ ಮಾಡಿರೋದು, ಕೆಜಿಎಫಿಂದ ದಿನಾ ಟ್ರೇನಲ್ಲಿ ಬೆಂಗಳೂರಿಗೆ ಹೋಗೋರಿಗೆ ಸರಿಹೋಗುತ್ತೆ, ನಮಗಲ್ಲ. 2023ರ ಜುಲೈಲಿ ಇದೇ ಕೋಲಾರ ಎಪಿಎಂಸೀಲಿ 15 ಕೆಜಿ ಬಾಕ್ಸು 2000 ದಾಟಿತ್ತು, ಬೇರೆ ಟೈಮಲ್ಲಿ ನೂರೂ ಸಿಗಲ್ಲ, ನಾವು ತಿಂಗಳ ಬಜೆಟ್ ಯಾವ ಲೆಕ್ಕದಲ್ಲಿ ಹಾಕೋದು? ಎದ್ದು ಕೇಳ್ದೆ. ಅಕ್ಕ ಸ್ವಲ್ಪ ಹೊತ್ತು ಸುಮ್ನಿದ್ದು ಆದಿಕಾಂಡ 41 ತೆಗೀರಿ ಅಂದ್ರು. ಐಗುಪ್ತದಲ್ಲಿ ಯೋಸೇಫ ಮುಂದೆ ಬರೋ ಬರಗಾಲಕ್ಕೆ ಅಂತ ಸುಭಿಕ್ಷದ ಏಳು ವರ್ಷ ಬೆಳೆಯಲ್ಲಿ ಐದನೇ ಒಂದು ಪಾಲು ಎತ್ತಿಡಿಸ್ತಾನಲ್ಲ, ಅದು. ರೇಟ್ ಸಿಕ್ಕಿದ ಬೆಳೇಲಿ ಮೊದ್ಲು ಕೂಲಿ, ನರ್ಸರಿ, ಗೊಬ್ಬರದ ಬಾಕಿ, ಉಳಿದಿದ್ರಲ್ಲಿ ಐದನೇ ಒಂದು ಪಾಲು ಬೇರೆ ಅಕೌಂಟಿಗೆ, ಅದು ರೇಟ್ ಬಿದ್ದ ಬೆಳೆಗೆ ಮಾತ್ರ, ಗಾಡಿಗೂ ಇಲ್ಲ ಮದುವೆಗೂ ಇಲ್ಲ. ಬೆಳೆಯಿಂದ ಬೆಳೆಗೆ ಒಂದು ಪೇಜು ಅಂತ ನಾವು ಐದು ಜನ ರೈತರು ಅಲ್ಲೇ ಸ್ಕೇಲ್ ಇಟ್ಟು ಬೇರೆ ಗೆರೆ ಹಾಕ್ಕೊಂಡ್ವಿ. ಮುಂದಿನ ಬ್ಯಾಚಿಗೆ ಅದನ್ನೇ ಪ್ರಿಂಟ್ ಮಾಡಿಸ್ಬೇಕು ಅಕ್ಕ, ದಯವಿಟ್ಟು.

ಕೊನೇ ವಾರ ಅವಸರ ಆಯ್ತು, ಸ್ಟಾರ್ ಕಟ್ ಆಗಿದ್ದು ಮುಖ್ಯವಾಗಿ ಅದಕ್ಕೇ. ಜಾಮೀನು, ಚೀಟಿ, ಇನ್ಶೂರೆನ್ಸ್ ಮೂರೂ ಎರಡು ಗಂಟೇಲಿ ಮುಗಿಸಿದ್ರು. ಜಾಮೀನೊಂದಕ್ಕೇ ಒಂದು ವಾರ ಬೇಕು, ಸಭೆ ಅಂದ್ಮೇಲೆ ಬ್ರದರ್ ಒಂದು ಸೈನ್ ಹಾಕಿ ಅಂತ ಬರೋರು ಎಷ್ಟು ಜನ, ಇಲ್ಲ ಅನ್ನೋಕೆ ಎಷ್ಟು ಕಷ್ಟ, ಜ್ಞಾನೋಕ್ತಿ 6ರಲ್ಲಿ ಜಾಮೀನು ಬಿದ್ದಿದ್ರೆ ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸ್ಕೊಳ್ಳೋ ಹಾಗೆ ತಪ್ಪಿಸ್ಕೋ ಅಂತಾನೇ ಇದೆ. ಒಬ್ರು ದುಡ್ಡು ಡಬಲ್ ಮಾಡಿ ಕೊಡೋ ಸ್ಕೀಮಿನ ಪಾಂಪ್ಲೆಟ್ ತಂದಿದ್ರು, ಮೇಲೆ ವಚನ ಬೇರೆ ಹಾಕಿದ್ರು. ಬ್ಯಾಂಕಲ್ಲಿಟ್ಟ ದುಡ್ಡಿಗೆ 5 ಲಕ್ಷದ ತನಕ ಡೆಪಾಸಿಟ್ ಇನ್ಶೂರೆನ್ಸ್ ಇದೆ, ಇದಕ್ಕೇನಿದೆ ಅಂತ ಅಕ್ಕ ಕೇಳಿದ್ರು, ಅವ್ರು ಅದನ್ನ ಮಡಚಿ ಜೇಬಿಗಿಟ್ಕೊಂಡ್ರು.

ಇನ್ನು ಸಣ್ಣಪುಟ್ಟದ್ದು. ಮಕ್ಕಳನ್ನ ಬಿಡೋಕೆ ಜಾಗ ಇಲ್ಲ, ಎರಡನೇ ಮಹಡಿ, ಮೆಟ್ಟಿಲು ಕಡಿದು, ವಯಸ್ಸಾದೋರಿಗೆ ಕಷ್ಟ. ನಡುವೆ ತೆಲುಗು ಜಾಸ್ತಿ ಬರುತ್ತೆ, ನಮ್ಮ ಕಡೆಯೋರಿಗೆ ತೊಂದ್ರೆ ಇಲ್ಲ. ಕಾಣಿಕೆ ಡಬ್ಬಿ ನಾಲ್ಕು ವಾರದಲ್ಲಿ ಒಂದು ಸಲಾನೂ ಬರ್ಲಿಲ್ಲ, 200ಕ್ಕೆ ರಸೀದಿ ಕೊಟ್ರು.

ಹೋಗೋರು ಪಾಸ್‌ಬುಕ್ಕು, ಸಾಲದ ಕಾಗದ, ಅಡವಿಟ್ಟ ರಸೀದಿ ಎಲ್ಲಾ ತಗೊಂಡ್ ಹೋಗಿ. ಗಂಡ ಹೆಂಡ್ತಿ ಇಬ್ರೂ ಹೋಗಿ, ಒಬ್ರೇ ಹೋದ್ರೆ ಎರಡನೇ ವಾರದ ಶೀಟು ತುಂಬಕ್ಕಾಗಲ್ಲ. ನನ್ನದು ಅರ್ಧ ಖಾಲಿ ಇತ್ತು, ಮನೆಗೆ ತಂದು ರಾತ್ರಿ ಊಟ ಆದ್ಮೇಲೆ ಹೆಂಡ್ತಿ ಮುಂದೆ ಇಟ್ಟೆ, ಅವಳು ಪೆನ್ ತಗೊಂಡು ನನಗೆ ಗೊತ್ತೇ ಇಲ್ಲದ ಎರಡು ಸಾಲ ಬರೆದ್ಲು, ಎರಡೂ ನಮ್ಮ ಮಗಳ ಸ್ಕೂಲ್ ಫೀಸಿಗೆ ಮಾಡಿದ್ದು.