ಬೆರಳ ತುದಿಯ ರಕ್ತದಲ್ಲಿ ಕೊಲೆಸ್ಟ್ರಾಲ್ ಪರೀಕ್ಷೆ: ಮಧುಮೇಹಿಯಾಗಿ ನನ್ನ ನಾಲ್ಕು ವರ್ಷಗಳ ಅನುಭವ

ಹನ್ನೊಂದು ವರ್ಷಗಳಿಂದ ನನಗೆ ಮಧುಮೇಹವಿದೆ. ಸಾಗರದಲ್ಲಿ ನಾನು ತೋರಿಸಿಕೊಳ್ಳುವ ಕ್ಲಿನಿಕ್ಕಿನವರು ಬೆರಳಿನಿಂದ ತೆಗೆದ ರಕ್ತದಲ್ಲೇ ಕೊಲೆಸ್ಟ್ರಾಲ್ ನೋಡುವ ಪುಟ್ಟ ಯಂತ್ರವನ್ನು ತಂದು ನಾಲ್ಕು ವರ್ಷಗಳಾದವು. ಅದಕ್ಕೂ ಮೊದಲು ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು, ಮರುದಿನ ವರದಿ ತಂದು, ಅದನ್ನು ವೈದ್ಯರಿಗೆ ತೋರಿಸಲು ಮತ್ತೊಂದು ದಿನ ರಜೆ ಹಾಕಬೇಕಾಗುತ್ತಿದ್ದುದರಿಂದ, ಈ ಪರೀಕ್ಷೆಯನ್ನು ನಾನು ಎರಡು ವರ್ಷ ಮುಂದೂಡಿದ್ದೆ. ಈಗ ವೈದ್ಯರ ಎದುರು ಕುಳಿತಿರುವಾಗಲೇ ಕೆಲವು ನಿಮಿಷಗಳಲ್ಲಿ ಅಂಕಿ ಸಿಗುತ್ತದೆ. ಮೊದಲ ಸಲ ‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುವ ಎಲ್‌ಡಿಎಲ್ 148 ಬಂದಾಗ ಅಂದೇ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಆರಂಭವಾಯಿತು. ಎರಡು ತಿಂಗಳ ಬಳಿಕ ಅದು 86ಕ್ಕೆ ಇಳಿದಿತ್ತು. ಮಧುಮೇಹಿಗಳಲ್ಲಿ ಹೃದಯಾಘಾತದ ಅಪಾಯ ಹೆಚ್ಚಿರುವುದರಿಂದ, ಆ ಎರಡು ವರ್ಷಗಳ ವಿಳಂಬವನ್ನು ನೆನೆದರೆ ನನಗೆ ಈಗಲೂ ಭಯವಾಗುತ್ತದೆ.

ಪರೀಕ್ಷೆ ಸುಲಭವೆಂದು ಕಂಡರೂ ಅದನ್ನು ಮಾಡುವ ಕೈಯಲ್ಲಿ ಶಿಸ್ತು ಇರಬೇಕು. ನಮ್ಮ ಸಿಸ್ಟರ್ ಮೊದಲ ಹನಿಯನ್ನು ಹತ್ತಿಯಿಂದ ಒರೆಸಿ, ಬೆರಳನ್ನು ಹಿಂಡದೆ, ತಾನಾಗಿ ಉಬ್ಬಿದ ಎರಡನೆಯ ಹನಿಯನ್ನೇ ಸಣ್ಣ ನಳಿಕೆಗೆ ಎಳೆದುಕೊಳ್ಳುತ್ತಾರೆ, ಏಕೆಂದರೆ ಹಿಂಡಿದರೆ ಅಂಗಾಂಶದ ನೀರು ಬೆರೆತು ಅಂಕಿ ತಪ್ಪುತ್ತದೆ. ಒಮ್ಮೆ ನನ್ನ ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು) 312 ಎಂದು ಬಂತು. ಕೈ ಒಡೆಯುವ ಚಳಿಗಾಲವಾದ್ದರಿಂದ ಅಂದು ಬೆಳಿಗ್ಗೆ ಗ್ಲಿಸರಿನ್ ಇರುವ ಕ್ರೀಮ್ ಹಚ್ಚಿಕೊಂಡಿದ್ದೆ. ಟ್ರೈಗ್ಲಿಸರೈಡ್ ಪರೀಕ್ಷೆ ಅಳೆಯುವುದು ಆ ಕೊಬ್ಬು ಒಡೆದಾಗ ಬಿಡುಗಡೆಯಾಗುವ ಗ್ಲಿಸರಾಲನ್ನೇ, ಗ್ಲಿಸರಿನ್ ಎಂದರೂ ಅದೇ ಆದ್ದರಿಂದ, ಚರ್ಮದ ಮೇಲಿನ ಕ್ರೀಮೂ ಲೆಕ್ಕಕ್ಕೆ ಸೇರಿಬಿಡುತ್ತದೆ. ಸೋಪಿನಿಂದ ಕೈ ತೊಳೆದು, ಚೆನ್ನಾಗಿ ಒರೆಸಿ, ಇನ್ನೊಂದು ಬೆರಳು ಚುಚ್ಚಿದಾಗ 188 ಬಂತು. ಪರೀಕ್ಷೆಯ ಒಂದು ಸ್ಟ್ರಿಪ್ ವ್ಯರ್ಥವಾದರೂ ಅನಗತ್ಯವಾಗಿ ಇನ್ನೊಂದು ಮಾತ್ರೆ ಸೇರುವುದು ತಪ್ಪಿತು.

ನಮ್ಮ ಯಂತ್ರ ಎಲ್‌ಡಿಎಲ್ಲನ್ನು ನೇರವಾಗಿ ಅಳೆಯುವುದಿಲ್ಲ ಎಂಬುದು ಮಧುಮೇಹಿಗಳು ಮುಖ್ಯವಾಗಿ ತಿಳಿದಿರಬೇಕಾದ ವಿಷಯ. ಒಟ್ಟು ಕೊಲೆಸ್ಟ್ರಾಲಿನಿಂದ ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನುವ ಎಚ್‌ಡಿಎಲ್ಲನ್ನೂ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆದು ಅದನ್ನು ಲೆಕ್ಕ ಹಾಕುತ್ತದೆ, ಮತ್ತು ಟ್ರೈಗ್ಲಿಸರೈಡ್ 400 ದಾಟಿದರೆ ಈ ಸೂತ್ರ ಕೆಲಸಕ್ಕೆ ಬರುವುದಿಲ್ಲ. ಸಕ್ಕರೆ ಹತೋಟಿ ತಪ್ಪಿದಾಗ ಏರುವುದು ಟ್ರೈಗ್ಲಿಸರೈಡೇ ಆದ್ದರಿಂದ, ಈ ಮಿತಿ ನಮ್ಮಂಥವರನ್ನೇ ಹೆಚ್ಚು ಕಾಡುತ್ತದೆ. ಅಂಥ ಸಮಯದಲ್ಲಿ ನಮ್ಮ ವೈದ್ಯರು ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು ಉಳಿಯುವ ಅಂಕಿಯನ್ನು ನೋಡುತ್ತಾರೆ, ಜೊತೆಗೆ ಲ್ಯಾಬಿಗೂ ಬರೆದುಕೊಡುತ್ತಾರೆ. ವರ್ಷಕ್ಕೊಮ್ಮೆ ನಾನು ಹೇಗೂ ಲ್ಯಾಬಿನಲ್ಲಿ ರಕ್ತ ಕೊಡುತ್ತೇನೆ. ಕಳೆದ ಬಾರಿ ಒಟ್ಟು ಕೊಲೆಸ್ಟ್ರಾಲ್ ಅಲ್ಲಿ 164, ಅದೇ ದಿನ ಯಂತ್ರದಲ್ಲಿ 157 ಇತ್ತು. ಅಷ್ಟು ವ್ಯತ್ಯಾಸವನ್ನು ನಾನು ಒಪ್ಪಿಕೊಂಡಿದ್ದೇನೆ.

ಯಂತ್ರ ಮುದ್ರಿಸಿ ಕೊಡುವ ಚೀಟಿಯ ಅಕ್ಷರಗಳು ಆರು ತಿಂಗಳಲ್ಲಿ ಮಾಸಿಹೋಗುತ್ತವೆ. ನನ್ನ ಮೊದಲ ಎರಡು ಚೀಟಿಗಳು ಈಗ ಬರೀ ಬಿಳಿ ಕಾಗದ. ಅಂಕಿಗಳನ್ನು ಅಂದೇ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.